ದೊಡ್ಡವ್ವನ ಎಡಗೆನ್ನೆ

ಅವರೆಕಾಳಿನಷ್ಟು ಅಗಲ. ಎಡಗೆನ್ನೆಯ ಒಳಮೈಯಲ್ಲಿ, ಕೊನೆಯ ದವಡೆಹಲ್ಲಿಗಿಂತ ಬೆರಳಗಲ ಮುಂದೆ. ಬಣ್ಣ ಪೂರ್ತಿ ಬಿಳಿಯಲ್ಲ. ಆರಿದ ಹಾಲಿನ ಕೆನೆಯಂತೆ ತುಸು ಹಳದಿಗೆ ತಿರುಗಿದ ಬಿಳಿ, ಅಂಚಿನಲ್ಲಿ ಸಣ್ಣ ಸುಕ್ಕು.

ದೊಡ್ಡವ್ವ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಗ ನನಗೆ ಆ ಮಚ್ಚೆ ಕಾಣಿಸಿತು. ನಗುತ್ತಿದ್ದದ್ದು ನನ್ನನ್ನು ನೋಡಿಯೇ. ಅವಳು ತೋಟದಿಂದ ಹೊತ್ತು ತಂದ ಹಿಪ್ಪುನೇರಳೆ ಸೊಪ್ಪಿನ ಹೊರೆಗೆ ಕೈ ಕೊಟ್ಟು ಇಳಿಸುವ ಬದಲು, ಅದು ಎಷ್ಟು ಕೆ.ಜಿ. ಇರಬಹುದು ಎಂದು ನಾನು ಕೇಳಿದ್ದೆ.

"ಹೊರೆ ಇಳ್ಸೋಕೆ ಮುಂಚೆ ತೂಕ ಕೇಳೋಳು ಈ ಸೀಮೇಲಿ ನೀನೊಬ್ಳೇ ಕಣ್ ಮಗ. ನಿನ್ನ ಕಟ್ಕೊಳೋ ಗಂಡು ತಾಳಿ ಜೊತೇಲಿ ತಕ್ಕಡೀನೂ ತರಬೇಕು," ಎಂದು ಬಾಯ್ತುಂಬ ನಕ್ಕಳು. ಇಳಿಬಿಸಿಲು ನೇರ ಬಾಯೊಳಗೆ ಬಿತ್ತು.

ನಾನು ಹೊರೆ ಇಳಿಸಿದೆ. ಆ ದಿನ ಏನೂ ಹೇಳಲಿಲ್ಲ. ಯಾವುದನ್ನೂ ಕಂಡ ಕೂಡಲೇ ಹೇಳುವ ಸ್ವಭಾವ ನನ್ನದಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನಮ್ಮ ಊರು ಮಾಗಡಿಯಾಚೆ, ಬಸ್ಸಿಗೆ ಮನಸ್ಸು ಬಂದರೆ ಮಾತ್ರ ಬರುವಂಥ ಕಡೆ. ಹಾಗಾಗಿ ಹೈಸ್ಕೂಲಿಗೆ ಸೇರುವಾಗ ನನ್ನನ್ನು ಕೈಲಾಂಚದ ಹತ್ತಿರ ಅವಳ ಮನೆಯಲ್ಲಿ ಬಿಟ್ಟರು. ಅಲ್ಲಿಂದ ರಾಮನಗರಕ್ಕೆ ಓಡಾಡಿ ಓದಿದೆ. ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಮೇಲೂ ಶನಿವಾರ ಸಂಜೆ ನಾನು ಹೋಗುತ್ತಿದ್ದದ್ದು ಅವಳ ಮನೆಗೇ. ಮೈಸೂರು ರಸ್ತೆ ಅಗಲವಾಗುತ್ತಿದ್ದ ವರ್ಷಗಳವು. ಬಿಡದಿ ದಾಟುವಷ್ಟರಲ್ಲಿ ರಾಗಿ ಹೊಲಗಳ ನಡುವೆ ಹೊಸದೊಂದು ತಗಡಿನ ಶೆಡ್ಡು ಎದ್ದಿರುತ್ತಿತ್ತು. ಪ್ರತಿ ವಾರವೂ ಒಂದು ಹೊಸದು. ದೊಡ್ಡವ್ವನ ಮಗನೂ ಅಂಥ ಒಂದು ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟಿನ ಕೆಲಸದಲ್ಲಿದ್ದ. ಹಗಲೆಲ್ಲ ನಡುಮನೆಯಲ್ಲಿ ಮುಸುಕು ಹಾಕಿ ಮಲಗಿರುತ್ತಿದ್ದ. ರೇಷ್ಮೆಹುಳ ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಯಾರಾದರೂ ಮಗ ಎಲ್ಲಿ ಎಂದು ಕೇಳಿದರೆ ದೊಡ್ಡವ್ವ, "ಒಳ್ಗೆ ನಾಕನೇ ಜ್ವರಕ್ಕೆ ಕೂತವ್ನೆ, ಎಬ್ಬಿಸ್ಬೇಡಿ," ಎನ್ನುತ್ತಿದ್ದಳು.

ನಾನು ಓದುತ್ತಿದ್ದದ್ದು ಏನು ಎಂಬುದು ಆ ಮನೆಗೆ ದೊಡ್ಡ ಸಮಸ್ಯೆಯಾಗಿತ್ತು. ಎಂ.ಎಸ್ಸಿ. ಸೇರಿದ ಹೊಸತರಲ್ಲಿ ದೊಡ್ಡವ್ವ ಕೇಳಿದ್ದಳು.

"ಏನೋದ್ತೀಯವ್ವ ಅಲ್ಲಿ?"

"ಕ್ಯಾನ್ಸರ್ ಹೇಗೆ ಶುರುವಾಗುತ್ತೆ ಅಂತ."

"ಬುಡ್ತು ಅನ್ನು!"

"ಬಿಡ್ತು."

"ಅಂಗೆ ಬರೀ ಬಾಯ್ನಾಗಲ್ಲ, ಮನ್ಸಿಟ್ಟು ಅನ್ನು."

ಮನಸ್ಸಿಟ್ಟು ಬಿಡ್ತು ಎಂದೆ. ಕೆಟ್ಟ ಹೆಸರು ಬಾಯಿಗೆ ಬಂದರೆ ಬಿಡ್ತು ಎಂದು ಹೇಳಿ ಅದನ್ನು ಅಲ್ಲೇ ಇಳಿಸಿಬಿಡಬೇಕು, ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂಬುದು ಅವಳ ಕಟ್ಟಳೆ. ಅಂದಿನಿಂದ ಆ ಮನೆಯಲ್ಲಿ ನಾನು ಓದುತ್ತಿದ್ದದ್ದು 'ಆ ಕಾಯಿಲೆ'. ಅಭ್ಯಾಸ ಎಷ್ಟು ಕೆಟ್ಟದ್ದೆಂದರೆ, ಪ್ರಯೋಗಾಲಯದಲ್ಲಿ ಕೂಡ ಒಂದೆರಡು ಸಲ ಆ ಪದ ಹೇಳಿದ ಮೇಲೆ ಮೆಲ್ಲಗೆ ಬಿಡ್ತು ಎಂದುಕೊಂಡದ್ದುಂಟು.

ಮರುದಿನ ಅವಳು ಕಾಫಿ ಕುಡಿದು ಮುಗಿಸುವ ತನಕ ಕಾದು, ಬಾಯಿ ತೆಗಿ ಎಂದೆ.

"ಯಾಕೆ, ನನ್ನ ಹಲ್ಲು ಎಣಿಸ್ತೀಯಾ? ಎತ್ತು ಕೊಳ್ಳೋರು ಎಣಿಸ್ತಾರೆ."

"ಎಡಗಡೆ ಒಂದು ಬಿಳಿ ಮಚ್ಚೆ ಇದೆ ದೊಡ್ಡವ್ವ."

"ಎಲೆಗೆ ಹಾಕ್ದ ಸುಣ್ಣ ಮೆತ್ಕೊಂಡಿರ್ತದೆ ಬುಡು."

ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ನೋವಿದೆಯಾ ಎಂದರೆ, "ನೋವೂ ಇಲ್ಲ ಗೀವೂ ಇಲ್ಲ. ಖಾರ ತಿಂದ್ರೆ ಒಸಿ ಚುರುಗುಟ್ತದೆ," ಎಂದಳು. ನೋವಿಲ್ಲ ಎಂಬುದನ್ನು ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಸಮಾಧಾನದ ಮಾತಾಗಿರಲಿಲ್ಲ.

ಅವಳು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಎಡಗೆನ್ನೆಗೆ ಒತ್ತರಿಸಿ ಇಟ್ಟುಕೊಳ್ಳುವುದನ್ನು ನಾನು ಮೊದಲಿನಿಂದಲೂ ನೋಡಿದ್ದೆ. ಮಾತಾಡುವಾಗಲೂ ಅದು ಅಲ್ಲೇ ಇರುತ್ತಿತ್ತು. ಆದರೆ ಹುಳದ ಮನೆಯ ಬಾಗಿಲಿಗೆ ಬಂದಳೆಂದರೆ ಅವಳೇ ಬೇರೆ. ಹೊಗೆಸೊಪ್ಪು ರೇಷ್ಮೆಹುಳಕ್ಕೆ ವಿಷ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೂ ಸಾಕು, ಹುಳ ತಲೆಯೆತ್ತಿ ವಾಂತಿ ಮಾಡಿಕೊಂಡು ಸಾಯುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ಅವಳ ಡಬ್ಬಿ ಇರುತ್ತಿದ್ದದ್ದು ಕೊಟ್ಟಿಗೆಯಲ್ಲಿ. ಹುಳದ ಮನೆಗೆ ಹೋಗುವ ಮೊದಲು ಉಗಿದು, ಬಾಯಿ ಮುಕ್ಕಳಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಸೀರೆ ಬದಲಿಸಿ ಒಳಗೆ ಕಾಲಿಡುತ್ತಿದ್ದಳು. ಹೊರಗೆ ಬಂದ ಕೂಡಲೇ ಕೊಟ್ಟಿಗೆಯ ದಾರಿ.

"ಹುಳಕ್ಕೆ ಆಗದ್ದು ನಿನಗೆ ಹೇಗೆ ಆಗುತ್ತೆ?" ಎಂದೆ.

"ಹುಳ ನಾಜೂಕು ಕಣವ್ವ. ಅದುಕ್ಕೆ ಬಿಸ್ಲಾಗಕಿಲ್ಲ, ಗಾಳಿಯಾಗಕಿಲ್ಲ, ಸೋಪಿನ ವಾಸ್ನೆಯಾಗಕಿಲ್ಲ. ನಿನ್ನಂಗೆ." ಆಸ್ಪತ್ರೆಗೆ ಹೋಗೋಣ ಎಂದದ್ದಕ್ಕೆ ಅವಳದ್ದು ಒಂದು ಷರತ್ತು: "ಆಸ್ಪತ್ರೆಗೆ ಬಾ ಅಂತೀಯ. ಬತ್ತೀನಿ. ಮೊದ್ಲು ನಂಗೆ ತಿಳಿಯಂಗೆ ಯೋಳು. ಈ ಮಚ್ಚೆ ಯಾಕ್ ಬಂತು, ಮುಂದೇನಾಯ್ತದೆ. ತಿಳೀತಾ, ಬತ್ತೀನಿ. ತಿಳೀನಿಲ್ವಾ, ನಿನ್ನ ಓದೂ ದಂಡ, ನನ್ನ ಬಸ್ ಚಾರ್ಜೂ ದಂಡ."

ಅಂದು ಮಧ್ಯಾಹ್ನ ಜಗುಲಿಯ ಮೇಲೆ ಸೊಪ್ಪು ಕತ್ತರಿಸುತ್ತ ಕೂತಾಗ ಹೇಳಲು ಶುರುಮಾಡಿದೆ. ದೊಡ್ಡಪ್ಪ ಎದುರಿಗೆ ಕೂತು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಕಿತ್ತುಹೋದ ಪಟ್ಟಿಗಳನ್ನು ಬಿಗಿಯುತ್ತಿದ್ದರು. ನನ್ನ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಮೌಖಿಕ ಪರೀಕ್ಷೆ ಆಮೇಲೆ ಬರಲಿಲ್ಲ.

ಕೆನ್ನೆಯ ಒಳಚರ್ಮದಲ್ಲಿ ಸಣ್ಣ ಸಣ್ಣ ಜೀವಕೋಶಗಳು ಪದರ ಪದರವಾಗಿ ಕೂತಿರುತ್ತವೆ ಎಂದೆ. ತಳದ ಪದರದವು ಮಾತ್ರ ಒಂದು ಎರಡಾಗುತ್ತವೆ. ಹೊಸದಾಗಿ ಹುಟ್ಟಿದವು ಮೇಲಕ್ಕೆ ಬರುತ್ತ ಮಾಗಿ, ಕೊನೆಗೆ ಉದುರಿಹೋಗುತ್ತವೆ.

"ಹುಳ ಮೇಯೋದು ಮುಗ್ಸಿ ಗೂಡು ಕಟ್ಟೋಕೆ ಹಣ್ಣಾದಂಗೆ."

"ಹೌದು. ಪ್ರತಿಯೊಂದು ಕೋಶದ ಒಳಗೂ ಒಂದು ನೂಲಿದೆ. ಗೂಡಿನ ನೂಲಿನ ಹಾಗೆ ಬಹಳ ಉದ್ದ, ಸುತ್ತಿ ಸುತ್ತಿ ಇಟ್ಟದ್ದು. ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು ಅಂತ ಅದರಲ್ಲಿ ಬರೆದಿರುತ್ತೆ. ಕೋಶ ಎರಡಾಗುವಾಗ ಆ ನೂಲನ್ನೂ ನಕಲು ಮಾಡಿಕೊಳ್ಳಬೇಕು. ಹೊಗೆಸೊಪ್ಪಿನಲ್ಲಿ ಇರೋ ಕೆಲವು ವಸ್ತು ಆ ನೂಲಿಗೆ ಅಂಟಿಕೊಳ್ಳುತ್ತೆ. ಅಂಟಿದ ಕಡೆ ನಕಲು ತಪ್ಪುತ್ತೆ. ಅಡಿಕೆಯೂ ಕಡಮೆಯೇನಲ್ಲ, ಅದೂ ಕೆಡಿಸುತ್ತೆ."

"ಒಂದು ತಪ್ಪಿಗೇ ಇಷ್ಟೆಲ್ಲಾನಾ?"

"ಇಲ್ಲ. ತಪ್ಪು ತಿದ್ದೋಕೆ ಅಂತಲೇ ಕೆಲವು ಪ್ರೋಟೀನುಗಳಿವೆ. ಅವು ಓಡಾಡಿಕೊಂಡು ಸರಿಮಾಡುತ್ತಿರುತ್ತವೆ."

"ನೂಲು ಕಿತ್ತೋದ್ರೆ ರೀಲರ್ ಹೆಂಗಸ್ರು ಗಂಟಾಕ್ತಾರಲ್ಲ, ಅಂಗೆ."

"ಹಾಗೆ. ತಿದ್ದಲಾಗದಷ್ಟು ಕೆಟ್ಟಿದ್ದರೆ, ನೀನಿನ್ನು ಎರಡಾಗಬೇಡ, ಇಲ್ಲದಿದ್ದರೆ ಸಾಯಿ ಅಂತ ಆ ಕೋಶಕ್ಕೆ ಹೇಳೋ ಪ್ರೋಟೀನು ಒಂದಿದೆ. ನಾನು ಓದುತ್ತಿರೋದು ಅದರ ಬಗ್ಗೆಯೇ. ಅದರ ಹೆಸರು ಪಿ ಐವತ್ತಮೂರು."

"ಅದೇನು ಬಸ್ ನಂಬರಾ?" ಎಂದರು ದೊಡ್ಡಪ್ಪ, ತಲೆಯೆತ್ತದೆ.

"ನಿಮಗೇನ್ ಗೊತ್ತು, ಸುಮ್ಕಿರಿ," ಎಂದಳು ದೊಡ್ಡವ್ವ. ನನ್ನ ಕಡೆ ತಿರುಗಿ, "ಸಾಯಿ ಅಂದ್ರೆ ಸತ್ತೋಯ್ತದಾ?"

"ಹೋಗುತ್ತೆ. ತಾನೇ ಚೂರು ಚೂರಾಗಿ, ಪಕ್ಕದವಕ್ಕೆ ತೊಂದರೆ ಕೊಡದ ಹಾಗೆ."

"ಮರ್ವಾದೆ ಇರೋ ಪೈಕಿ."

"ಆದರೆ ನಕಲು ಮಾಡುವಾಗ ಆ ಪ್ರೋಟೀನಿನ ಬರಹವೇ ತಪ್ಪಿಹೋದರೆ?"

ಅವಳ ಕತ್ತಿ ನಿಂತಿತು. "ಬುದ್ಧಿ ಯೋಳೋರೇ ಇಲ್ದಂಗಾಯ್ತದೆ."

"ಅದರ ಜೊತೆಗೆ, ಬೆಳಿ ಬೆಳಿ ಅನ್ನೋ ಇನ್ನೊಂದು ಸೂಚನೆ ನಿಲ್ಲದೆ ಹೋದರೆ? ಒಂದು ಸಲ ಪಕ್ಕದ ತೋಟದವರು ಔಷಧಿ ಹೊಡೆದದ್ದು ನಮ್ಮ ಸೊಪ್ಪಿಗೆ ಬಿದ್ದಿತ್ತಲ್ಲ, ಆ ಸಲದ ಹುಳ ನೆನಪಿದೆಯಾ?"

ನೆನಪಿಲ್ಲದೆ ಏನು. "ಹಣ್ಣೇ ಆಗ್ನಿಲ್ಲ ಮುಂಡೇವು. ತಿಂದ್ವು, ತಿಂದ್ವು, ಊದ್ಕೊಂಡ್ವು. ಗೂಡು ಮಾತ್ರ ಕಟ್ನಿಲ್ಲ."

"ಹಾಗೇ ಇವೂ. ಮಾಗೋದಿಲ್ಲ, ಉದುರೋದಿಲ್ಲ. ಎರಡಾಗುತ್ತಲೇ ಇರುತ್ತವೆ."

ಈ ಬಿಳಿ ಮಚ್ಚೆಯೇ ಆ ಕಾಯಿಲೆಯಲ್ಲ ಎಂದೂ ಬಿಡಿಸಿ ಹೇಳಿದೆ. ಇದು ನಡುದಾರಿ, ಕೆಲವು ತಪ್ಪುಗಳು ಆಗಿರಬಹುದು, ಇನ್ನೂ ಹಲವು ಸೇರಬೇಕು, ಅದಕ್ಕೆ ವರ್ಷಗಳು ಬೇಕಾಗಬಹುದು, ಸೇರದೆಯೂ ಹೋಗಬಹುದು. ಸೇರಿದರೆ, ತಳದ ಪದರದ ಕೆಳಗಿರುವ ತೆಳು ಪೊರೆಯನ್ನು ಆ ಕೋಶಗಳು ಕರಗಿಸಿಕೊಂಡು ಒಳಗಿಳಿಯುತ್ತವೆ. ಅಲ್ಲಿ ಗುಂಪು ದೊಡ್ಡದಾಗಿ ಆಹಾರ ಸಾಲದಾದಾಗ, ಹತ್ತಿರದ ರಕ್ತನಾಳಕ್ಕೆ ಸಂದೇಶ ಕಳಿಸಿ ಒಂದು ಕವಲನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

"ನಮ್ಮ ಕಾಲ್ವೆ ನೀರು ತನ್ನ ಹೊಲಕ್ಕೆ ತಿರುಗಿಸ್ಕೊಂಡಿದ್ದ ನಿಮ್ ತಮ್ಮ ನೋಡಿ," ಎಂದಳು ದೊಡ್ಡಪ್ಪನಿಗೆ. ದೊಡ್ಡಪ್ಪನಿಗೆ ಕೆಮ್ಮು ಬಂತು.

"ಆಮೇಲೆ ರಕ್ತದಲ್ಲಿ, ಕುತ್ತಿಗೆಯ ಗಂಟುಗಳಲ್ಲಿ ಸಾಗಿ ಬೇರೆ ಕಡೆ..."

"ಸಾಕು ಬುಡು."

ಕತ್ತಿ ಮತ್ತೆ ಆಡತೊಡಗಿತು. ಸೊಪ್ಪೆಲ್ಲ ಮುಗಿದ ಮೇಲೆ, ಏಳುವ ಮುಂಚೆ ಹೇಳಿದಳು: "ಹುಳ ಚಂದ್ರಂಕಿ ಹತ್ತಲಿ. ಬತ್ತೀನಿ."

ಹುಳ ಹಣ್ಣಾಗಿ ಚಂದ್ರಂಕಿ ಹತ್ತಲು ಇನ್ನೂ ಎರಡು ವಾರವಾದರೂ ಇತ್ತು. ಅಷ್ಟಕ್ಕೇ ಒಪ್ಪಿಕೊಂಡು ಬೆಂಗಳೂರಿಗೆ ಹೋದೆ. ವಿಷಯವನ್ನು ಚೆನ್ನಾಗಿ ವಿವರಿಸಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಮುಂದಿನ ಶನಿವಾರ ಬಂದಾಗ ದೊಡ್ಡವ್ವ ಹುಳದ ಮನೆಯ ಹೊರಗೆ, ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಒಳಗೆ ದೊಡ್ಡಪ್ಪ. ಇವಳು ಹೊರಗಿನಿಂದಲೇ ಬಾಯಿ ಅರ್ಧ ಮುಚ್ಚಿಕೊಂಡು ಅಪ್ಪಣೆ ಕೊಡುತ್ತಿದ್ದಳು: "ಆ ಮೂಲೆ ತಟ್ಟೆ! ಅಲ್ಲ, ಅದ್ರ ಕೆಳಗಿಂದು! ಸೊಪ್ಪು ಬಿಡಿಸಿ ಹಾಕಿ ಅಂದ್ರೆ ಕಸ ಸುರ್ದಂಗೆ ಸುರೀತೀರಲ್ಲ!"

ನನ್ನನ್ನು ಕಂಡು ದೊಡ್ಡಪ್ಪ ಹೊರಗೆ ಬಂದರು. "ಬಾರವ್ವ ತಾಯಿ. ನಾಕ್ ದಿನದಿಂದ ಇದೇ ಕತೆ. ಹೊಗೆಸೊಪ್ಪು ಮುಟ್ಟಿಲ್ಲ. ಹುಳದ ಮನೆ ಮೆಟ್ಟಿಲ್ಲ. ಉಣ್ಣೋ ತಟ್ಟೆ ಲೋಟ ಬ್ಯಾರೆ ಮಾಡ್ಕಂಡವ್ಳೆ. ಬೈಯೋದು ಮಾತ್ರ ಬುಟ್ಟಿಲ್ಲ. ನೀನು ಅದೇನ್ ಯೋಳ್ಕೊಟ್ಟೋದೆ?"

ಹೊಗೆಸೊಪ್ಪು ಮುಟ್ಟಿಲ್ಲ ಎಂಬುದೊಂದೇ ನನಗೆ ಕೇಳಿಸಿತು. ಸಂತೋಷದಿಂದ ಅವಳ ಮುಂದೆ ಕುಕ್ಕರಿಸಿ ಬಾಯಿ ತೆಗೆಸಿದೆ.

ಎಡಗೆನ್ನೆಯ ಒಳಗೆ ಮಚ್ಚೆಯೇ ಕಾಣುತ್ತಿರಲಿಲ್ಲ. ಅದಿದ್ದ ಜಾಗವೂ ಸುತ್ತಲಿನ ಜಾಗವೂ ಬೆಂದು, ಬಿಳಿ ಸಿಪ್ಪೆ ಎದ್ದು, ಕೆಳಗೆ ಕೆಂಪು ಮಾಂಸ ಕಾಣುತ್ತಿತ್ತು.

"ಏನು ಹಚ್ಚಿದೆ ದೊಡ್ಡವ್ವ?"

"ಸುಣ್ಣ."

"ಸುಣ್ಣ?"

"ಬೆಳಗ್ಗೆ ಒಂದು ಬೆರಳು, ಸಂಜೆ ಒಂದು ಬೆರಳು. ಹುಳಕ್ಕೆ ರೋಗ ಬಂದ್ರೆ ಏನ್ ಮಾಡ್ತೀವಿ? ರೋಗದ ಹುಳ ಆರ್ಸಿ ತೆಗ್ದು, ಹಾಸ್ಗೆ ಮ್ಯಾಲೆ ಸುಣ್ಣದ ಪುಡಿ ಉದುರಿಸ್ತೀವಿ. ಆರ್ಸಿ ತೆಗ್ಯೋಕೆ ನಂಗೆ ಕಾಣಾಕಿಲ್ಲ. ಅದುಕ್ಕೆ ಬರೀ ಸುಣ್ಣ ಹಾಕ್ದೆ. ಹಣ್ಣಾಗದ ಹುಳ ಅಂತ ನೀನೇ ಯೋಳ್ದೆಯಲ್ಲ."

"ಮತ್ತೆ ಇಲ್ಲಿ ಹೊರಗೆ ಯಾಕೆ ಕೂತಿದ್ದೀಯ?"

ಅವಳು ಕಿಟಕಿಯ ಕಡೆ ನೋಡಿದಳು. "ಐದನೇ ಹಂತ ಕಣವ್ವ. ಇನ್ನು ವಾರದಲ್ಲಿ ಹಣ್ಣಾಗೋ ಹುಳ. ನನ್ ಬಾಯಿಂದು ಅವುಕ್ಕೆ ಅಂಟ್ಕೊಂಡ್ರೆ?"

ಒಂದು ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಬಗ್ಗೆ ನನ್ನ ಪಠ್ಯಗಳಲ್ಲಿ ಏನೂ ಇರಲಿಲ್ಲ. ನಾನು ಹಣ್ಣಾಗದ ಹುಳದಲ್ಲಿ ನಿಲ್ಲಿಸಿದ್ದೆ. ಅವಳು ಹುಳದ ಮನೆಯ ಪೂರ್ತಿ ಕಾನೂನನ್ನು ತನ್ನ ಬಾಯಿಗೆ ಜಾರಿ ಮಾಡಿದ್ದಳು.

"ಇದು ಅಂಟುಜಾಡ್ಯ ಅಲ್ಲ ದೊಡ್ಡವ್ವ. ಹುಳಕ್ಕೂ ಅಂಟಲ್ಲ, ಮನುಷ್ಯರಿಗೂ ಅಂಟಲ್ಲ. ತಟ್ಟೆ ಲೋಟ ಒಳಗಿಡು."

"ಗ್ಯಾರಂಟಿನಾ?"

"ಗ್ಯಾರಂಟಿ."

"ನೋಡ್ದ್ರಾ?" ಎಂದಳು ದೊಡ್ಡಪ್ಪನಿಗೆ. "ಎಲ್ಲದುಕ್ಕೂ ಇರಬಹುದು, ಇಲ್ದೆನೂ ಇರಬಹುದು ಅನ್ನೋಳು. ಇವಳು ಹುಟ್ಟಿದ ಮ್ಯಾಲೆ ಗ್ಯಾರಂಟಿ ಅಂದಿದ್ದು ಇದೇ ಮೊದ್ಲು." ಎದ್ದು ಕೈ ತೊಳೆದು ನೇರ ಹುಳದ ಮನೆಗೆ ಹೋದಳು. ಒಳಗಿನಿಂದ ದೊಡ್ಡಪ್ಪನ ಸೊಪ್ಪು ಹಾಕುವ ರೀತಿಯ ಬಗ್ಗೆ ಇನ್ನಷ್ಟು ಮಾತು ಕೇಳಿಬಂತು.

ಹುಳ ಹಣ್ಣಾಗುವ ತನಕ ಕಾಯಲು ನಾನು ಒಪ್ಪಲಿಲ್ಲ. ಸೋಮವಾರ ಬೆಳಗ್ಗೆ ಅವಳನ್ನು ಹೊರಡಿಸಿದೆ. ರಾಮನಗರದಿಂದ ಬಸ್ಸು ಹತ್ತಿದೆವು. ಬಿಡದಿಯ ಹತ್ತಿರ ಕಾರ್ಖಾನೆಯ ಶಿಫ್ಟಿನ ಬಸ್ಸುಗಳ ಸಾಲು ಅಡ್ಡ ಬಂದು ನಾವು ಅರ್ಧ ದಾರಿಯಲ್ಲೇ ನಿಂತಾಗ, "ಇಷ್ಟೊಂದು ಜನ ನಿದ್ದೆಗೆಟ್ಟು ಅದೇನ್ ಕಟ್ತಾರವ್ವ? ಗೂಡು ಕೂಡ ಕಾಣಾಕಿಲ್ಲ," ಎಂದಳು. ಆ ದಾರಿಯಲ್ಲಿ ಅವಳು ಆಡಿದ ಮಾತು ಅದೊಂದೇ. ಉಳಿದಂತೆ ಎಡಗೆನ್ನೆಗೆ ಸೆರಗು ಒತ್ತಿಕೊಂಡು ಕೂತಿದ್ದಳು.

ಬೆಂಗಳೂರಿನ ಒಂದು ದಂತ ವೈದ್ಯ ಕಾಲೇಜಿನ ಆಸ್ಪತ್ರೆ ಅದು. ನೋಡಿದವರು ನನ್ನದೇ ವಯಸ್ಸಿನ ಲೇಡಿ ಡಾಕ್ಟರು, ಚನ್ನಪಟ್ಟಣದ ಕಡೆಯವರು. ದೀಪ ಹಾಕಿ ನೋಡಿ, "ಯಾರಮ್ಮಾ ಸುಣ್ಣ ಹಾಕಿದ್ದು?" ಎಂದರು.

"ನಾನೇ ಕಣವ್ವ. ಈ ಮಗಳು ಪಾಠ ಮಾಡ್ತು."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ನೋಡಿದೆ.

ಸುಟ್ಟ ಜಾಗದ ಚೂರು ತೆಗೆದು ಪರೀಕ್ಷೆ ಮಾಡಿದರೆ ಏನೂ ಸರಿಯಾಗಿ ತಿಳಿಯುವುದಿಲ್ಲ. ಎರಡು ವಾರ ಬಿಟ್ಟು ಬನ್ನಿ,  ಗಾಯ ಮಾಯಲಿ. ಅಲ್ಲಿಯವರೆಗೆ ಸುಣ್ಣವಾಗಲಿ ಹೊಗೆಸೊಪ್ಪಾಗಲಿ ಅಡಿಕೆಯಾಗಲಿ ಬಾಯಿಗೆ ಹೋಗಕೂಡದು ಎಂದರು. ಅಡಿಕೆಯೂ ಬೇಡವೆಂದಾಗ ದೊಡ್ಡವ್ವನ ಮುಖ ಸಣ್ಣದಾಯಿತು. "ಎಲೆ?" ಎಂದಳು. ಬರಿ ಎಲೆ ಬೇಕಾದರೆ ತಿನ್ನಿ ಎಂದರು ಡಾಕ್ಟರು.

"ಬರಿ ಎಲೆ ಮೇಯೋಕೆ ನಾನೇನು ಹುಳವಾ?"

ಆ ಎರಡು ವಾರ ಪ್ರಯೋಗಾಲಯದಲ್ಲಿ ನನ್ನ ಕೈ ನಿಧಾನವಾಯಿತು. ನಾವು ಬೆಳೆಸುತ್ತಿದ್ದದ್ದು ಒಬ್ಬರ ನಾಲಿಗೆಯ ಗೆಡ್ಡೆಯಿಂದ ಎಂದೋ ತೆಗೆದ ಕೋಶಗಳನ್ನು. ಆ ಮನುಷ್ಯರ ಹೆಸರು ನಮಗೆ ಗೊತ್ತಿರಲಿಲ್ಲ. ಅವರು ಉಳಿದಿರಲಿಲ್ಲ ಎಂಬುದು ಗೊತ್ತಿತ್ತು. ಕೋಶಗಳು ಮಾತ್ರ ಗುಲಾಬಿ ಬಣ್ಣದ ದ್ರವದಲ್ಲಿ ಎರಡಾಗುತ್ತಲೇ ಇದ್ದವು. ಎರಡು ದಿನಕ್ಕೊಮ್ಮೆ ಅವಕ್ಕೆ ಆಹಾರ ಬದಲಿಸುವುದು ನನ್ನ ಕೆಲಸ. ಅದುವರೆಗೆ ನಾನು ಅದನ್ನು ಆಹಾರ ಎಂದುಕೊಂಡು ಮಾಡಿರಲಿಲ್ಲ, ಮಾಧ್ಯಮ ಎನ್ನುತ್ತಿದ್ದೆ. ಈಗ ಬಾಟಲಿ ಮುಚ್ಚುವಾಗಲೆಲ್ಲ, ತಿಂದ್ವು, ಊದ್ಕೊಂಡ್ವು, ಗೂಡು ಮಾತ್ರ ಕಟ್ನಿಲ್ಲ ಎಂಬ ದನಿ ಕೇಳುತ್ತಿತ್ತು.

ಅತ್ತ ಹುಳ ಹಣ್ಣಾಗಿ, ಗೂಡು ಕಟ್ಟಿ, ಆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಮಾರಿಯೂ ಆಯಿತು. ದೊಡ್ಡವ್ವ ಹೊಗೆಸೊಪ್ಪಿಲ್ಲದೆ ಇದ್ದಳು. ಡಬ್ಬಿ ಕೊಟ್ಟಿಗೆಯಲ್ಲೇ ಇತ್ತಂತೆ. ಹೇಗೆ ತಡೆದುಕೊಂಡೆ ಎಂದು ಫೋನಿನಲ್ಲಿ ಕೇಳಿದಾಗ, "ಹುಳದ ಮನೇಲೇ ಇರ್ತಿದ್ನಲ್ಲ. ಒಳಗೆ ಇದ್ದೋಳಿಗೆ ಅದ್ರ ಗ್ಯಾನ ಯಾಕ್ ಬತ್ತದೆ," ಎಂದಳು.

ಗಾಯ ಮಾದ ಮೇಲೆ ಮಚ್ಚೆ ಮತ್ತೆ ಕಾಣಿಸಿತು, ಮೊದಲಿಗಿಂತ ತೆಳುವಾಗಿ. ಅದೇ ಡಾಕ್ಟರು ಒಂದು ಚೂರು ತೆಗೆದು ಹೊಲಿಗೆ ಹಾಕಿದರು. ಜೋಮು ಹಿಡಿದ ಕೆನ್ನೆಯಲ್ಲೇ ದೊಡ್ಡವ್ವ, "ಹೊಲ್ಗೆ ಚೆಂದಾಗಿ ಆಕ್ದೆ ಕಣವ್ವ. ಮದ್ವೆ ಆಯ್ತಾ?" ಎಂದು ಕೇಳಿದಳು. ಇಲ್ಲ ಎಂದರು. "ಇವಳದೂ ಇಲ್ಲ," ಎಂದಳು, ನನ್ನ ಕಡೆ ಹೆಬ್ಬೆರಳು ತೋರಿಸಿ, ಅದೂ ಒಂದು ಬಾಯಿಯ ರೋಗವೇ ಎಂಬಂತೆ.

ವರದಿ ತರಲು ನಾನೊಬ್ಬಳೇ ಹೋದೆ. ಡಾಕ್ಟರು ಕಾಗದ ಕೊಡುವ ಮೊದಲು ಕೇಳಿದರು: "ನೀವೂ ಇದನ್ನೇ ಓದ್ತಿದ್ದೀರಂತಲ್ಲ, ಸ್ಲೈಡ್ ನೋಡ್ತೀರಾ?"

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗುಲಾಬಿ, ನೇರಳೆ. ಪದರದ ಮೇಲೆ ಪದರ. ತಳದಲ್ಲಿ ಕೆಲವು ಕೋಶಗಳ ಒಳಗಿನ ಕಪ್ಪು ಚುಕ್ಕೆ ಇರಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. ಸಾಲು ಅಲ್ಲಲ್ಲಿ ತಪ್ಪಿತ್ತು. ಎರಡಾಗಬಾರದ ಎತ್ತರದಲ್ಲಿ ಒಂದು ಕೋಶ ಎರಡಾಗುತ್ತಿರುವಾಗಲೇ ಸಿಕ್ಕಿಬಿದ್ದಿತ್ತು. ಇಂಥ ಚಿತ್ರಗಳನ್ನು ಪುಸ್ತಕದಲ್ಲಿ ಎಷ್ಟು ನೋಡಿದ್ದೆನೋ. ಆದರೆ ಇದು ನಗುವಾಗ ಕಂಡ ಕೆನ್ನೆ. ನಾನು ಸ್ಲೈಡನ್ನು ಮೆಲ್ಲಗೆ ಸರಿಸುತ್ತ, ಎಲ್ಲಕ್ಕೂ ಕೆಳಗಿನ ಆ ತೆಳು ಪೊರೆಯ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಿಂಬಾಲಿಸಿದೆ. ಆಮೇಲೆ ಹಿಂದಕ್ಕೆ ಬಂದು ಇನ್ನೊಮ್ಮೆ ನೋಡಿದೆ.

"ಎಲ್ಲೂ ಮುರಿದಿಲ್ಲ," ಎಂದರು ಡಾಕ್ಟರು. "ನಾವೂ ನೋಡಿದೀವಿ."

ಸದ್ಯಕ್ಕೆ ಕತ್ತರಿಸುವುದು ಬೇಡ, ಮೂರು ತಿಂಗಳಿಗೊಮ್ಮೆ ನೋಡೋಣ, ಹೆಚ್ಚಾದರೆ ತೆಗೆಯೋಣ ಎಂದರು. ಹೊಗೆಸೊಪ್ಪು ಅಡಿಕೆ ಪೂರ್ತಿ ಬಿಟ್ಟರೆ ಇಂಥವು ಕೆಲವು ತಾವಾಗಿಯೇ ಇಳಿಯುತ್ತವೆ. ಬಿಡದೆ ಹೋದರೆ ತಾನು ಏನೂ ಹೇಳಲಾರೆ ಎಂದೂ ಎಂದರು.

ಅಂದು ಸಂಜೆಯೇ ಊರಿಗೆ ಹೋದೆ. ಹುಳದ ಮನೆಯ ಬಾಗಿಲು ತೆರೆದಿತ್ತು. ಒಳಗೆಲ್ಲ ತೊಳೆದು, ಬ್ಲೀಚಿಂಗ್ ಪುಡಿಯ ವಾಸನೆ ಹೋಗಲೆಂದು ಬಿಟ್ಟಿದ್ದರು. ಖಾಲಿ ತಟ್ಟೆಗಳು ಗೋಡೆಗೆ ಒರಗಿದ್ದವು. ದೊಡ್ಡವ್ವ ಕೊಟ್ಟಿಗೆಯ ಕಡೆಯಿಂದ ಬಂದಳು.

ಅವಳ ಮೊದಲ ಪ್ರಶ್ನೆ, "ಪೊರೆ ಮುರಿದಿತ್ತಾ?"

"ಇಲ್ಲ."

"ಮತ್ಯಾಕೆ ಮಕ ಇಂಗಿಟ್ಕಂಡಿದೀಯ?"

"ಇದೇ ನನ್ನ ಮುಖ ದೊಡ್ಡವ್ವ."

ಅವಳು ನಕ್ಕು ನನ್ನ ಗಲ್ಲ ಹಿಡಿದಳು. ಬೆರಳಿನಲ್ಲಿ ಹೊಗೆಸೊಪ್ಪಿನ ವಾಸನೆ ಇತ್ತು. ನಾನು ಏನೂ ಕೇಳದಿದ್ದರೂ ಕೈ ಹಿಂದಕ್ಕೆ ಎಳೆದುಕೊಂಡಳು.

"ಮೂಸಿ ನೋಡ್ದೆ. ಅಷ್ಟೇ ಕಣೆ."

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಏನನ್ನೂ ಹೆಚ್ಚು ಮಾಡಲಿಲ್ಲ, ಕಡಮೆಯೂ ಮಾಡಲಿಲ್ಲ. ಅವಳು ಜಗುಲಿಯ ಅಂಚಿನಲ್ಲಿ ಕೂತು ಕೇಳಿದಳು. ತಮಾಷೆ ಮಾಡಲಿಲ್ಲ.

"ಬುಡು ಅಂದ್ರೆ ಬುಟ್ಟೆ ಅಂತ ನಿನ್ನ ಮುಂದೆ ಯೋಳ್ಬೋದು ಮಗ. ನೀನು ಬಸ್ ಹತ್ತಿದ ಮ್ಯಾಲೆ? ಇವತ್ತು ಮೂರ್ ಸಲ ಕೊಟ್ಟಿಗೆಗೆ ಹೋಗ್ಬಂದೆ. ನನಗೋಸ್ಕರ ಅಂದ್ರೆ ನಂಗೆ ಆಗಾಕಿಲ್ಲ. ಹುಳ ಇದ್ರೆ ಆಯ್ತದೆ. ಈ ಸಲ ಹುಳ ಇದ್ದಾಗ ಒಂದ್ಸಲನೂ ಬೇಕು ಅನ್ನಿಸ್ನಿಲ್ಲ, ನಿಜ ಯೋಳ್ತೀನಿ. ಖಾಲಿ ಮನೇಲಿ ಎಂಗಿರೋದು?"

"ಮುಂದಿನ ಬೆಳೆ ಯಾವಾಗ?" ಎಂದು ದೊಡ್ಡಪ್ಪನನ್ನು ಕೇಳಿದೆ.

"ತಿಂಗಳಾದ್ರೂ ಬೇಕು. ತೋಟ ಪೂರ್ತಿ ಒಂದೇ ಸಲ ಕೊಯ್ದಿದೀವಿ, ಚಿಗುರ್ಬೇಕಲ್ಲ. ಬೋರ್‌ವೆಲ್ ಮಗ್ಗುಲ ತಾಕು ಒಂದು ಉಳ್ಕೊಂಡೈತೆ, ಅಷ್ಟೇ."

"ಅದರಲ್ಲಿ ಸ್ವಲ್ಪ ಹುಳ ಸಾಕಬಹುದಲ್ಲ? ಅದು ಮುಗಿಯೋ ಹೊತ್ತಿಗೆ ತೋಟದ ಅರ್ಧ ಚಿಗುರಿರುತ್ತೆ. ಆಮೇಲೆ ಇನ್ನರ್ಧ. ಒಂದೇ ಸಲ ಕೊಯ್ಯದೆ ಎರಡು ಭಾಗ ಮಾಡಿಕೊಂಡರೆ ಮನೆ ಖಾಲಿಯಾಗೋದೇ ಇಲ್ಲ. ತೊಳೆಯೋಕೆ ಬೇಕಾದ ದಿನ ಬಿಟ್ಟರೆ."

ದೊಡ್ಡಪ್ಪ ನನ್ನನ್ನೂ ದೊಡ್ಡವ್ವನನ್ನೂ ನೋಡಿದರು. "ಅಂದ್ರೆ ಇವಳ ಗಲ್ಲಕ್ಕೋಸ್ಕರ ವರ್ಷಾವಿಡೀ ನನ್ನ ಸೊಂಟ ಅಡ ಇಡ್ಬೇಕು ಅನ್ನು."

"ಹೋದ್ರೆ ಹೋಗ್ಲಿ ಬುಡಿ, ನಿಮ್ ಸೊಂಟ ಯಾರ್ಗೆ ಬೇಕು?" ಎಂದಳು ದೊಡ್ಡವ್ವ. ದನಿ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ.

ದೊಡ್ಡಪ್ಪ ಸೊಂಟ ನೀವಿಕೊಂಡು, "ಚಾಕಿ ತರೋರು ಯಾರು? ನಾಳೆ ನಂಗೆ ನೀರಿನ ಸರದಿ," ಎಂದರು.

ಮರುದಿನ ಬೆಳಗ್ಗೆ ಪ್ರಯೋಗಾಲಯಕ್ಕೆ ಬರುವುದಿಲ್ಲ ಎಂದು ಫೋನು ಮಾಡಿ, ಕನಕಪುರದ ಕಡೆಯ ಬಸ್ಸು ಹತ್ತಿ ಚಾಕಿ ಕೇಂದ್ರಕ್ಕೆ ಹೋದೆ. ಮೊಟ್ಟೆಯೊಡೆದ ಎಳೆಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಸರದಿಯಲ್ಲಿದ್ದವರೆಲ್ಲ ಗಂಡಸರು. ನಾನು ಕೇಳಿದ್ದು ಎಷ್ಟು ಕಡಮೆಯೆಂದರೆ, ಕೊಡುವವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಯಾರಿಗೆ ಎಂದದ್ದಕ್ಕೆ ಮನೆಗೆ ಎಂದೆ. ಹುಳದ ಪೊಟ್ಟಣವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ವಾಪಸು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಜೇಬಿನಿಂದ ಬೀಡಿ ತೆಗೆದರು. ಬಸ್ಸಿನಲ್ಲಿ ಅಪರಿಚಿತರೊಡನೆ ನಾನಾಗಿ ಮಾತಾಡಿದ್ದು ಆ ತನಕ ಇರಲಿಲ್ಲ.

"ಹುಳ ಇದೆ," ಎಂದೆ.

ಅವರು ಮಡಿಲಿನ ಪೊಟ್ಟಣ ನೋಡಿ, ಬೀಡಿಯನ್ನು ಜೇಬಿಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಆಚೆ ಸರಿದು ಕೂತರು.